ಹೊರದೇಶದ ನಿರಾಶ್ರಿತರ ಶಿಬಿರಗಳಲ್ಲಿ ಕೆಲಸ ಮಾಡಿದ ವೈದ್ಯರು ಇದ್ದೀರಾ?

ಎಂಬಿಬಿಎಸ್ ಮುಗಿಸಿ ತಾಲ್ಲೂಕು ಆಸ್ಪತ್ರೆಯಲ್ಲಿದ್ದೇನೆ. ಎಂಎಸ್‌ಎಫ್‌ನಂಥ (ಮೆಡಿಸಿನ್ಸ್ ಸಾನ್ಸ್ ಫ್ರಾಂಟಿಯರ್ಸ್, ಯುದ್ಧ, ವಿಪತ್ತಿನ ಜಾಗಗಳಲ್ಲಿ ಚಿಕಿತ್ಸೆ ಕೊಡುವ ಅಂತರರಾಷ್ಟ್ರೀಯ ವೈದ್ಯರ ಸಂಸ್ಥೆ) ಸಂಸ್ಥೆ ಸೇರಿ ಹೊರಗೆ ಹೋಗುವ ಆಸೆ. ಬರೀ ಎಂಬಿಬಿಎಸ್ ಆದವಳಿಗೆ ಅಲ್ಲಿ ಏನು ಕೆಲಸ ಇರುತ್ತದೆ? ಮನೆಯಲ್ಲಿ ಬೇಡ ಅನ್ನುತ್ತಿದ್ದಾರೆ. ಹೋಗಿ ಬಂದವರು ಹೇಳಿ.

ಖಂಡಿತ ಕೆಲಸ ಇದೆ ಮೇಡಂ. 2017ರ ಕೊನೆಯಲ್ಲಿ ನಾನು ಬಾಂಗ್ಲಾದೇಶದ ಕಾಕ್ಸ್ ಬಜಾರ್‌ನಲ್ಲಿದ್ದೆ. ಆ ಆಗಸ್ಟ್‌ನಿಂದ ಸುಮಾರು ಏಳು ಲಕ್ಷ ರೋಹಿಂಗ್ಯಾ ಜನ ಮ್ಯಾನ್ಮಾರ್ ಬಿಟ್ಟು ಗಡಿ ದಾಟಿದ್ದರು, ಗುಡ್ಡದ ತುಂಬ ಬಿದಿರು ಟಾರ್ಪಾಲಿನ ಗುಡಿಸಲು, ಒಂದೊಂದರಲ್ಲೂ ಒತ್ತಿಕೊಂಡು ಮಲಗುವ ಸಂಸಾರ. ಲಸಿಕೆ ಸಿಗದ ಮಕ್ಕಳೇ ಜಾಸ್ತಿ. ಗಂಟಲಮಾರಿ, ಅಂದರೆ ಡಿಫ್ತೀರಿಯಾ ಹಬ್ಬಿತು. ಜೊತೆಗಿದ್ದ ಯುರೋಪಿನ ವೈದ್ಯರು ಡಿಫ್ತೀರಿಯಾವನ್ನು ಪುಸ್ತಕದಲ್ಲಿ ಮಾತ್ರ ಓದಿದ್ದರು. ನಾನು ಉತ್ತರ ಕರ್ನಾಟಕದ ವಾರ್ಡಿನಲ್ಲೇ ಆ ಬೂದು ಪೊರೆ, ಊದಿದ ಕುತ್ತಿಗೆ ನೋಡಿದ್ದೆ. ನಿಮ್ಮ ತಾಲ್ಲೂಕು ಆಸ್ಪತ್ರೆಯ ಅನುಭವವನ್ನು ಕಡಿಮೆ ಅಂದುಕೊಳ್ಳಬೇಡಿ.

ನಿಜವಾದ ಕಷ್ಟ ಆಂಟಿಟಾಕ್ಸಿನ್‌ನದು, ಅಂದರೆ ಗಂಟಲಮಾರಿಯ ವಿಷ ತಡೆಯುವ ಔಷಧದ್ದು. ಪ್ರಪಂಚದಲ್ಲೇ ಅದರ ದಾಸ್ತಾನು ಕಡಿಮೆ. ಯಾವ ಮಗುವಿಗೆ ಕೊಡುವುದು, ಯಾವ ಮಗುವಿಗೆ ಆಂಟಿಬಯೋಟಿಕ್ ಮಾತ್ರ ಅಂತ ದಿನಾ ತೀರ್ಮಾನಿಸಬೇಕು. ಕುದುರೆ ರಕ್ತದಿಂದ ತಯಾರಾಗುವ ಔಷಧ ಅದು, ಜೋರು ಅಲರ್ಜಿ ಆಗಬಹುದು, ಹಾಗಾಗಿ ಡ್ರಿಪ್‌ನಲ್ಲಿ ನಿಧಾನವಾಗಿ ಬಿಟ್ಟು, ಅಡ್ರಿನಲಿನ್ ಕೈಗೆ ಸಿಗುವಂತೆ ಇಟ್ಟುಕೊಂಡು ಮಗುವಿನ ಪಕ್ಕದಲ್ಲೇ ಕೂತಿರಬೇಕು. ಆ ತೀರ್ಮಾನದ ಭಾರ ಒಬ್ಬರೇ ಹೊರಬೇಡಿ. ತಂಡದ ಜೊತೆ ಮಾತಾಡಿ, ಕಾರಣ ಬರೆದಿಡಿ.

ಮೇಲಿನವರ ಮಾತು ನಿಜ. ನಾನಿದ್ದದ್ದು ದಕ್ಷಿಣ ಸುಡಾನ್‌ನಲ್ಲಿ. ಅಲ್ಲಿ ಮಗುವಿನ ತೋಳಿಗೆ ಬಣ್ಣದ ಪಟ್ಟಿ ಸುತ್ತಿ ಅಳೆಯುತ್ತಿದ್ದೆವು, 115 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ. ಚೆನ್ನಾಗಿ ತಿನ್ನುತ್ತಿದ್ದು ಬೇರೆ ತೊಂದರೆ ಇಲ್ಲದಿದ್ದರೆ ಕಡಲೆಕಾಯಿ ಪೇಸ್ಟಿನ ಪೊಟ್ಟಣ ಕೊಟ್ಟು ಮನೆಗೆ ಕಳಿಸುವುದು, ತಿನ್ನದಿದ್ದರೆ ಅಡ್ಮಿಟ್. ಇಂಥ ಮಕ್ಕಳಿಗೆ ಅವಸರದಲ್ಲಿ ಡ್ರಿಪ್ ಏರಿಸಿದರೆ ಹೃದಯ ತಡೆಯುವುದಿಲ್ಲ. ಇದನ್ನೆಲ್ಲ ನನಗೆ ಕೈಹಿಡಿದು ಕಲಿಸಿದವರು ಅಲ್ಲಿನ ಕ್ಲಿನಿಕಲ್ ಆಫೀಸರ್‌ಗಳು (ಡಾಕ್ಟರ್ ಅಲ್ಲದಿದ್ದರೂ ರೋಗಿ ನೋಡಿ ಚಿಕಿತ್ಸೆ ಕೊಡಲು ತರಬೇತಿ ಪಡೆದವರು) ಮತ್ತು ನರ್ಸ್‌ಗಳು. ನಾವು ಬರುವ ಮೊದಲೂ ಅವರೇ ಇದ್ದರು, ನಾವು ಹೊರಟ ಮೇಲೂ ಅವರೇ ಇರುತ್ತಾರೆ. ಮೊದಲ ವಾರ ಸುಮ್ನೆ ಅವರ ಕೆಲಸ ನೋಡಿ.

ಇನ್ನೊಂದು ಮಾತು. ಈಗಿನಿಂದಲೇ ಫ್ರೆಂಚ್ ಕಲಿಯಿರಿ, ಕಾಂಗೋ, ಚಾಡ್ ಕಡೆ ಅದಿಲ್ಲದೆ ರೋಗಿಯ ಜೊತೆ ಇರಲಿ, ಅಲ್ಲಿನ ಸಿಬ್ಬಂದಿ ಜೊತೆಗೂ ಮಾತಾಡುವುದು ಕಷ್ಟ. ಇನ್ನು ಮನೆಯವರ ವಿಷಯ. ಅವರ ಹೆದರಿಕೆಗೆ ಕಾರಣ ಇದೆ. 2015ರ ಅಕ್ಟೋಬರ್‌ನಲ್ಲಿ ಅಫ್ಘಾನಿಸ್ತಾನದ ಕುಂದೂಜ್‌ನಲ್ಲಿ ಎಂಎಸ್‌ಎಫ್ ಆಸ್ಪತ್ರೆಯ ಮೇಲೇ ಅಮೆರಿಕದ ವಿಮಾನ ದಾಳಿ ಮಾಡಿ 42 ಜನ ಸತ್ತರು. ಅಪಾಯ ಮುಚ್ಚಿಟ್ಟು ಒಪ್ಪಿಸಬೇಡಿ. ಯಾವ ಊರು, ಪರಿಸ್ಥಿತಿ ಕೆಟ್ಟರೆ ಹೊರಗೆ ಕರೆತರುವವರು ಯಾರು, ವಿಮೆ ಏನು ಅಂತ ಸಹಿ ಹಾಕುವ ಮೊದಲೇ ಕೇಳಿ, ಆ ಉತ್ತರಗಳನ್ನು ಅಪ್ಪ ಅಮ್ಮನ ಮುಂದೆ ಕೂತು ಓದಿ.