ತೋಟದ ಪಂಪ್ ಹೊರಡುವಾಗ ಬೋರ್ಡ್ ಸ್ತಬ್ಧವಾಗುತ್ತದೆ: ಬ್ರೌನ್‌ಔಟ್ ಅನುಭವವಿದ್ದವರು ತಿಳಿಸಿ

ಸಿದ್ದಾಪುರದಿಂದ ಪ್ರಶ್ನೆ: ಅಡಿಕೆ ತೋಟದ ಪಂಪಿಗೆ ಎಟಿಮೆಗಾ328ಪಿ ಎಂಬ ಮೈಕ್ರೋಕಂಟ್ರೋಲರ್ ಚಿಪ್ಪಿನಿಂದ, 16 ಮೆಗಾಹರ್ಟ್ಸ್‌ನಲ್ಲಿ ಓಡುವ ಟೈಮರ್ ಮಾಡಿಕೊಂಡಿದ್ದೇನೆ. ಮೋಟರ್ ಹೊರಡುವಾಗ ಲೈನ್ ವೋಲ್ಟೇಜ್ 150ಕ್ಕೆ ಇಳಿಯುತ್ತದೆ. ಆಗ ಬೋರ್ಡ್ ಸ್ತಬ್ಧವಾಗುತ್ತದೆ, ಇಇಪ್ರಾಮಿನಲ್ಲಿ (ಕರೆಂಟ್ ಹೋದರೂ ಉಳಿಯುವ ಚಿಪ್ಪಿನ ಸ್ಮೃತಿ) ಉಳಿಸಿದ ವೇಳೆಗಳೂ ಕೆಡುತ್ತವೆ. 9 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಮತ್ತು 5 ವೋಲ್ಟ್ ಕೊಡುವ 7805 ರೆಗ್ಯುಲೇಟರ್ ಹಾಕಿದ್ದೇನೆ. ಬ್ರೌನ್‌ಔಟ್ ಮಿತಿ (ವೋಲ್ಟೇಜ್ ಇದಕ್ಕಿಂತ ಇಳಿದರೆ ಚಿಪ್ ತಾನೇ ರೀಸೆಟ್ ಆಗುತ್ತದೆ) ಏರಿಸಿದರೆ ಸಾಕೇ?

ಶಿರಸಿಯಿಂದ: ನಾನು ಎರಡು ಮಳೆಗಾಲ ಇದೇ ಕಾಟ ಅನುಭವಿಸಿದ್ದೇನೆ. ಉಳಿಸಿಟ್ಟ ವೇಳೆಗಳೆಲ್ಲ 255 ಎಂದು ತೋರಿಸುತ್ತಿದ್ದವು. ಮೊದಲು ಚಿಪ್ಪೇ ಕೆಟ್ಟಿದೆಯೆಂದು ಮೂರು ಚಿಪ್ ಬದಲಿಸಿದೆ, ಆಮೇಲೆ 6,500 ರೂಪಾಯಿ ಕೊಟ್ಟು ಸ್ಟೆಬಿಲೈಸರ್ ತಂದೆ, ಅದರ ರಿಲೇ ಎಚ್ಚೆತ್ತುಕೊಳ್ಳುವಷ್ಟರಲ್ಲಿ ಬೋರ್ಡ್ ಬಿದ್ದಾಗಿರುತ್ತಿತ್ತು. ಕಾರಣ ಬೇರೆಯೇ ಇತ್ತು. ಈ ಚಿಪ್ 16 ಮೆಗಾಹರ್ಟ್ಸ್‌ನಲ್ಲಿ ನಂಬಿಕೆಯಿಂದ ಓಡಲು ಸುಮಾರು 3.8 ವೋಲ್ಟ್ ಬೇಕು. ಇದೇ ಚಿಪ್ ಇರುವ ನನ್ನ ಆರ್ಡುಯಿನೋ ಊನೋ ಬೋರ್ಡಿನಲ್ಲಿ ಬ್ರೌನ್‌ಔಟ್ ಮಿತಿ 2.7ಕ್ಕೆ ಇತ್ತು. ಈ ಎರಡರ ನಡುವೆ ಚಿಪ್ ನಿಲ್ಲುವುದೂ ಇಲ್ಲ, ಸರಿಯಾಗಿ ಓಡುವುದೂ ಇಲ್ಲ. ತಪ್ಪು ಆದೇಶಗಳನ್ನು ಪಾಲಿಸುತ್ತ ಇಇಪ್ರಾಮಿನ ಮೇಲೆ ಸಿಕ್ಕಿದ್ದನ್ನು ಬರೆಯುತ್ತದೆ. ಮಿತಿಯನ್ನು 4.3ಕ್ಕೆ ಏರಿಸಿದ ಮೇಲೆ ಒಂದು ಬೈಟ್ ಕೂಡ ಕೆಟ್ಟಿಲ್ಲ.

ಅಂಕೋಲೆಯಿಂದ: ಇದೇ ಸಲಹೆಯನ್ನು ನಂಬಿ ನಾನು ಕೈ ಸುಟ್ಟುಕೊಂಡೆ. ನನ್ನದು ಸಿಗಡಿ ಹೊಂಡದ ನೀರಿಗೆ ಗಾಳಿ ಬೆರೆಸುವ ಏರಿಯೇಟರ್. 4.3 ಹಾಕಿದ ರಾತ್ರಿ ಮೋಟರ್ ಹೊರಟಿತು, ವೋಲ್ಟೇಜ್ ಇಳಿಯಿತು, ಚಿಪ್ ರೀಸೆಟ್ ಆಯಿತು, ಮೋಟರ್ ನಿಂತಿತು, ವೋಲ್ಟೇಜ್ ಏರಿತು, ಚಿಪ್ ಮತ್ತೆ ಮೋಟರ್ ಹೊರಡಿಸಿತು. ಬೆಳಗಿನವರೆಗೂ ಇದೇ ನಡೆದು, ಮೋಟರಿನ ಸ್ವಿಚ್ಚಾದ ಕಾಂಟ್ಯಾಕ್ಟರಿನ ಪಾಯಿಂಟ್‌ಗಳು ಕರಕಲಾದವು. ಹೊಸದಕ್ಕೆ 1,850 ರೂಪಾಯಿ, ಸತ್ತ ಸಿಗಡಿಯ ಲೆಕ್ಕ ಬರೆಯಲು ಮನಸ್ಸಿಲ್ಲ. ಅದೇ ಬೋರ್ಡಿನಲ್ಲಿದ್ದ ಸಿಮ್800ಎಲ್ ಮೊಬೈಲ್ ಮಾಡ್ಯೂಲ್ ಸಂದೇಶ ಕಳಿಸುವಾಗ ಕ್ಷಣಮಾತ್ರ 2 ಆಂಪಿಯರ್ ಎಳೆಯುತ್ತದೆಂಬುದನ್ನೂ ಯಾರೂ ಹೇಳಿರಲಿಲ್ಲ. ವಿದ್ಯುತ್ ಪೂರೈಕೆ ಸರಿಪಡಿಸದೆ ಮಿತಿ ಏರಿಸುವುದು ತಪ್ಪು.

ಶಿರಸಿಯಿಂದ: ಅಂಕೋಲೆಯವರೇ, ನಿಮ್ಮ ಪ್ರೋಗ್ರಾಮಿನ ದೋಷವನ್ನು ಮಿತಿಯ ಮೇಲೆ ಹೊರಿಸಬೇಡಿ. ರೀಸೆಟ್ ಬ್ರೌನ್‌ಔಟಿನಿಂದಾಯಿತೇ ಎಂದು ಚಿಪ್ಪಿನೊಳಗಿನ ಎಂಸಿಯುಎಸ್‌ಆರ್ ರಿಜಿಸ್ಟರಿನ ಬಿಓಆರ್‌ಎಫ್ ಬಿಟ್ ಹೇಳುತ್ತದೆ. ಅದನ್ನು ಓದಿ ಐದು ನಿಮಿಷ ಕಾದಿದ್ದರೆ ಕಾಂಟ್ಯಾಕ್ಟರ್ ಉಳಿಯುತ್ತಿತ್ತು.

ಅಂಕೋಲೆಯಿಂದ: ಹೊಂಡದಲ್ಲಿ ಆಮ್ಲಜನಕ ಇಳಿಯುತ್ತಿರುವಾಗ ಐದು ನಿಮಿಷ ಕಾಯಿರಿ ಎನ್ನುವವರು ಒಮ್ಮೆ ರಾತ್ರಿ ಎರಡು ಗಂಟೆಗೆ ದಂಡೆಯ ಮೇಲೆ ನಿಂತು ನೋಡಬೇಕು. ಅಡಿಕೆ ಮರ ಮರುದಿನದವರೆಗೆ ತಾಳುತ್ತದೆ, ಸಿಗಡಿ ತಾಳುವುದಿಲ್ಲ.

ಕುಮಟೆಯಿಂದ: ಇಪ್ಪತ್ತು ವರ್ಷಗಳಿಂದ ರಿಪೇರಿ ಅಂಗಡಿ ನಡೆಸುತ್ತಿದ್ದೇನೆ. ಜಗಳದ ನಡುವೆ ಪ್ರಶ್ನೆ ಕೇಳಿದವರ ಟ್ರಾನ್ಸ್‌ಫಾರ್ಮರನ್ನು ಇಬ್ಬರೂ ಮರೆತಿದ್ದೀರಿ. ಲೈನ್ 150ಕ್ಕೆ ಇಳಿದರೆ 9 ವೋಲ್ಟಿನದು 5.9 ಕೊಡುತ್ತದೆ; ಅದರ ಶಿಖರ 8.3, ಬ್ರಿಡ್ಜಿನಲ್ಲಿ 1.4 ಹೋದರೆ ಉಳಿಯುವುದು 6.9. 7805ಕ್ಕೆ ಸುಮಾರು 7 ಬೇಕು, ರಿಪಲ್ (ಡಿಸಿಯಲ್ಲಿ ಉಳಿಯುವ ಏರಿಳಿತ) ಲೆಕ್ಕ ಇದಕ್ಕೆ ಸೇರಿಲ್ಲ. 90 ವೋಲ್ಟಿನಿಂದ ಓಡುವ ಎಸ್‌ಎಂಪಿಎಸ್ (ಸ್ವಿಚಿಂಗ್ ಪವರ್ ಸಪ್ಲೈ) ಹಾಕಿದರೆ ಈ ಕುಸಿತ ಬೋರ್ಡಿಗೆ ತಿಳಿಯುವುದೇ ಇಲ್ಲ. ಕರೆಂಟ್ ಪೂರ್ತಿ ಹೋಗುವುದಕ್ಕೆ ಬೇರೆ ಉಪಾಯವಿದೆ. ನಾನು 12 ವೋಲ್ಟಿನ ಎಸ್‌ಎಂಪಿಎಸ್ ಇಟ್ಟು, ಡಯೋಡಿನ ಆಚೆ 7805ರ ಮುಂದೆ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕುತ್ತೇನೆ, ರಿಲೇಯನ್ನು ಡಯೋಡಿನ ಈಚೆಗೇ, ಎಸ್‌ಎಂಪಿಎಸ್ ಬದಿಗೆ, ಬಿಡುತ್ತೇನೆ. ಬೋರ್ಡ್ 20 ಮಿಲಿಆಂಪಿಯರ್ ಎಳೆದರೆ 12ರಿಂದ 7ಕ್ಕೆ ಇಳಿಯಲು ಕಾಲು ಸೆಕೆಂಡು ಹಿಡಿಯುತ್ತದೆ. ಡಯೋಡಿನ ಈಚೆಯ ವೋಲ್ಟೇಜನ್ನು ಚಿಪ್ಪಿನಲ್ಲಿ ಎರಡು ವೋಲ್ಟೇಜ್ ಹೋಲಿಸುವ ಕಂಪೇರೇಟರಿಗೆ ತೋರಿಸಿದರೆ, ಅದು ಕುಸಿದ ಕೂಡಲೇ ಉಳಿಸಬೇಕಾದ್ದನ್ನು ಚಿಪ್ ಉಳಿಸಿಕೊಳ್ಳುತ್ತದೆ. ಒಂದು ಬೈಟಿಗೆ 3.4 ಮಿಲಿಸೆಕೆಂಡ್ ಸಾಕು. ಕರಾವಳಿಯವರು ಕನೆಕ್ಟರುಗಳನ್ನೂ ನೋಡಿಕೊಳ್ಳಿ. ಉಪ್ಪುಗಾಳಿಗೆ ಹಸಿರುಗಟ್ಟಿದ ಒಂದು ಪಿನ್ನಿನಲ್ಲಿ ಅರ್ಧ ಓಮ್ ಇದ್ದರೆ, 2 ಆಂಪಿಯರಿಗೆ ಒಂದು ವೋಲ್ಟ್ ಅಲ್ಲೇ ಹೋಯಿತು.

ಶಿರಸಿಯಿಂದ: ಇಷ್ಟಾದ ಮೇಲೂ 4.3 ಬೇಕೇ ಬೇಕು. ಕೆಪಾಸಿಟರ್ ಬರಿದಾದ ಮೇಲೆ ಕಾಯುವವರು ಯಾರು?

ಕುಮಟೆಯಿಂದ: ಬೇಡವೆಂದು ನಾನು ಎಲ್ಲಿಯೂ ಬರೆದಿಲ್ಲ. ಓದಿ ಉತ್ತರಿಸಿ.

ಹೊನ್ನಾವರದಿಂದ: ಮಿತಿ ಏರಿಸಲು ಹೋಗಿ ನಾನು ಚಿಪ್ಪನ್ನೇ ಕಳೆದುಕೊಂಡೆ. ಆ ಮಿತಿ ಎಕ್ಸ್‌ಟೆಂಡೆಡ್ ಫ್ಯೂಸಿನಲ್ಲಿದೆ (ಫ್ಯೂಸ್ ಎಂದರೆ ಚಿಪ್ಪಿನ ಮೂಲ ಸೆಟ್ಟಿಂಗ್ ಇರುವ ಬೈಟ್). ನಾನು ಲೋ ಫ್ಯೂಸ್ ಮುಟ್ಟಿ ಕ್ಲಾಕ್ ಬದಲಿಸಿಬಿಟ್ಟೆ, ಆಮೇಲೆ ಪ್ರೋಗ್ರಾಮರಿಗೆ ಚಿಪ್ ಉತ್ತರಿಸಲೇ ಇಲ್ಲ. ಸಿದ್ದಾಪುರದವರೇ, ಮೊದಲು ಮೂರೂ ಫ್ಯೂಸ್ ಓದಿ ಕಾಗದದಲ್ಲಿ ಬರೆದಿಟ್ಟುಕೊಳ್ಳಿ.