ಕೇಪ್ ಎಮ್ಮೆ ಬೇಟೆಗೆ ಯಾವ ರೈಫಲ್? .375 ಸಾಕೇ, .416 ಬೇಕೇ?

ಪ್ರಶ್ನೆ: ಜೊಹಾನ್ಸ್‌ಬರ್ಗ್‌ನಲ್ಲಿ ನೆಲೆಸಿದ್ದೇನೆ. ಮುಂದಿನ ವರ್ಷ ಪರವಾನಗಿ ಪಡೆದು ಜಿಂಬಾಬ್ವೆಯ ಜಾಂಬೆಜಿ ಕಣಿವೆಗೆ ಕೇಪ್ ಎಮ್ಮೆ ಬೇಟೆಗೆ ಹೋಗುವವನಿದ್ದೇನೆ. ಈಗ ಇರುವುದು .30-06 ರೈಫಲ್ ಒಂದೇ. ದೊಡ್ಡ ಕೋವಿ ಒಂದನ್ನು ಮಾತ್ರ ಕೊಳ್ಳಬಲ್ಲೆ. ಏನು ನೋಡಿ ಕೊಳ್ಳಲಿ?

ಉತ್ತರ 1: .375 ಎಚ್ ಅಂಡ್ ಎಚ್ (ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿಯ) ಮ್ಯಾಗ್ನಂ ತಗೊಳ್ಳಿ. .375, .416 ಎಂಬ ಅಂಕಿಗಳು ಗುಂಡಿನ ದಪ್ಪವನ್ನು ಇಂಚಿನಲ್ಲಿ ಹೇಳುತ್ತವೆ. 1912ರಿಂದ ಇರುವ ತೋಟೆ. 300 ಗ್ರೇನ್ (ಸುಮಾರು 19 ಗ್ರಾಂ) ತೂಕದ ಗುಂಡು ಸೆಕೆಂಡಿಗೆ ಸುಮಾರು 2,500 ಅಡಿ ವೇಗದಲ್ಲಿ ಹೊರಡುತ್ತದೆ, ಶಕ್ತಿ 4,200 ಅಡಿ-ಪೌಂಡಿನ ಆಸುಪಾಸು. ಆಫ್ರಿಕದ ಹೆಚ್ಚಿನ ದೇಶಗಳಲ್ಲಿ ಅಪಾಯಕಾರಿ ಪ್ರಾಣಿಗೆ ಇದನ್ನೇ ಕನಿಷ್ಠ ಅಂತ ಒಪ್ಪುತ್ತಾರೆ. ಇದರ ಒದೆತ ನಿಮ್ಮ .30-06ರ ಎರಡರಷ್ಟು. .416ರದ್ದು ಹತ್ತಿರಹತ್ತಿರ ಮೂರರಷ್ಟು. ಒದೆತಕ್ಕೆ ಹೆದರಿ ಟ್ರಿಗರ್ ಎಳೆಯುವ ಕ್ಷಣದಲ್ಲಿ ಕಣ್ಣು ಮುಚ್ಚಿದರೆ ಗುಂಡು ಹೊಟ್ಟೆಗೆ ಬೀಳುತ್ತದೆ. ಗಾಯಗೊಂಡ ಎಮ್ಮೆ ಜೆಸ್ ಎಂಬ ದಟ್ಟ ಪೊದೆಯೊಳಗೆ ಸೇರಿತೆಂದರೆ ಹುಡುಕಿಕೊಂಡು ಹೋಗುವವರ ಜೀವಕ್ಕೇ ಸಂಚಕಾರ. ಸರಿಯಾದ ಜಾಗಕ್ಕೆ ಬಿದ್ದ .375, ತಪ್ಪಾಗಿ ಬಿದ್ದ .458ಗಿಂತ ಸಾವಿರ ಪಾಲು ಮೇಲು.

ಉತ್ತರ 2: ಮೇಲಿನವರ ಮಾತು ಸರಿ. ಆದರೆ ಮುಂದೆ ಆನೆ ಬೇಟೆಯ ಯೋಚನೆಯೂ ಇದ್ದರೆ .416 ರಿಗ್ಬಿಯನ್ನು ತಳ್ಳಿಹಾಕಬೇಡಿ. ಇದು 1911ರದು, 400 ಗ್ರೇನ್, ಸುಮಾರು 2,400 ಅಡಿ ವೇಗ, 5,000 ಅಡಿ-ಪೌಂಡ್. ಕೇಸು (ಮದ್ದು ತುಂಬುವ ಹಿತ್ತಾಳೆ ಕೋಶ) ದೊಡ್ಡದು, ಒಳಗಿನ ಒತ್ತಡ ಕಡಿಮೆ. ಹಾಗಾಗಿ ಅಕ್ಟೋಬರಿನ ಜಾಂಬೆಜಿ ಬಿಸಿಲಿನಲ್ಲೂ ಖಾಲಿ ಕೇಸು ಛೇಂಬರಿಗೆ (ನಳಿಗೆಯ ಬುಡದಲ್ಲಿ ತೋಟೆ ಕೂರುವ ಗೂಡಿಗೆ) ಅಂಟಿಕೊಳ್ಳುವ ಭಯ ಕಡಿಮೆ. ತೂಕ ಮಾತ್ರ ನಾಲ್ಕೂವರೆ ಕಿಲೊ ದಾಟುತ್ತದೆ, ಅದನ್ನು ದಿನವಿಡೀ ಹೊತ್ತು ನಡೆಯಬೇಕು.

1956ರ .458 ವಿಂಚೆಸ್ಟರ್ ಮ್ಯಾಗ್ನಂ ಅಗ್ಗಕ್ಕೆ ಸಿಕ್ಕೀತು. ಅದರ ಕೇಸು ಗಿಡ್ಡ, ಮದ್ದನ್ನು ಒತ್ತಿ ತುಂಬಬೇಕು. ಹಳೆಯ ತೋಟೆಗಳಲ್ಲಿ ಮದ್ದು ಗಟ್ಟಿಯಾಗಿ ವೇಗ ಕುಸಿಯುತ್ತಿತ್ತು. ಅದಕ್ಕೇ ಉದ್ದ ಕೇಸಿನ .458 ಲಾಟ್ ಬಂತು. ಲಾಟ್ ಕೋವಿಯಲ್ಲಿ ವಿಂಚೆಸ್ಟರ್ ತೋಟೆಯನ್ನೂ ಹಾರಿಸಬಹುದು, ಅದೊಂದು ಅನುಕೂಲ. ಜೋಡಿನಳಿಗೆಯ .470 ನೋಡಲು ಚೆಂದ, ಎರಡನೇ ಗುಂಡು ತಕ್ಷಣ ಸಿಗುತ್ತದೆ. ಆದರೆ ನಳಿಗೆಗಳನ್ನು ಒಂದೇ ಬಗೆಯ ತೋಟೆಗೆ ಹೊಂದಿಸಿರುತ್ತಾರೆ, ತೋಟೆ ಬದಲಾದರೆ ಎರಡು ಗುಂಡೂ ಬೇರೆಬೇರೆ ಕಡೆ ಹೋಗುತ್ತವೆ. (ಈ .470 ಹುಟ್ಟಿದ್ದಕ್ಕೂ ನಮ್ಮ ದೇಶಕ್ಕೂ ನಂಟಿದೆ. ಬ್ರಿಟಿಷ್ ಸರ್ಕಾರ 1907ರ ಸುಮಾರಿಗೆ ಭಾರತಕ್ಕೆ .450 ಕೋವಿಗಳು ಬರದಂತೆ ತಡೆದಾಗ ತಯಾರಕರು ಅದರ ಬದಲಿಗೆ .465, .470, .475 ಹೊರತಂದರು.)

ಉತ್ತರ 3 (ಕೋವಿ ರಿಪೇರಿ ಕೆಲಸದವರು): ಕ್ಯಾಲಿಬರ್ (ಗುಂಡಿನ ದಪ್ಪ) ಆಮೇಲೆ, ಮೊದಲು ಬೋಲ್ಟ್ ನೋಡಿ, ಅಂದರೆ ಕೈಯಿಂದ ಎಳೆದು ತಳ್ಳಿ ತೋಟೆ ತುಂಬುವ ಭಾಗ. ಮೌಸರ್ 98 ಮಾದರಿಯದಿರಲಿ, ಅಂದರೆ ಮ್ಯಾಗಝೀನಿನಿಂದ ಏಳುತ್ತಿದ್ದಂತೆಯೇ ತೋಟೆಯ ಬುಡವನ್ನು ಉದ್ದನೆಯ ಕೊಕ್ಕೆ ಹಿಡಿದುಕೊಳ್ಳುವಂಥದ್ದು. ಸೀಜ಼ೆಡ್ 550, ಹಳೆಯ ಬ್ರನೊ 602, ವಿಂಚೆಸ್ಟರ್ ಮಾಡೆಲ್ 70ಯಲ್ಲಿ ಈ ವ್ಯವಸ್ಥೆ ಇದೆ. ಮಾಡೆಲ್ 70 ಮಾತ್ರ ವಿಚಾರಿಸಿ ಕೊಳ್ಳಿ: 1964ರ ನಂತರ ಹಲವು ವರ್ಷ ಅದನ್ನು ತೋಟೆಯನ್ನು ಕೊಕ್ಕೆ ಹಿಡಿಯದೆ ಬರಿದೇ ಮುಂದೆ ತಳ್ಳುವ ಮಾದರಿಯಲ್ಲೇ ಮಾಡಿದರು. ಅಂಥ ಉದ್ದ ಕೊಕ್ಕೆ ಇಲ್ಲದ ಬೋಲ್ಟನ್ನು ಗಾಬರಿಯಲ್ಲಿ ಪೂರ್ತಿ ಮುಚ್ಚದೆ ಹಿಂದೆಳೆದು ಮತ್ತೆ ತಳ್ಳಿದರೆ ಎರಡು ತೋಟೆ ಒಟ್ಟಿಗೆ ಸಿಕ್ಕಿಹಾಕಿಕೊಳ್ಳುತ್ತವೆ.

ಅಂಗಡಿಯಲ್ಲೇ ಡಮ್ಮಿ ತೋಟೆ ಕೇಳಿ. ಮ್ಯಾಗಝೀನ್ ತುಂಬಿ ನಿಧಾನಕ್ಕೊಮ್ಮೆ, ಜೋರಾಗಿ ಒಮ್ಮೆ, ಕೋವಿಯನ್ನು ಅಡ್ಡ ಮಲಗಿಸಿ ಒಮ್ಮೆ ಓಡಿಸಿ. ಕೊನೆಯ ತೋಟೆಯ ಮೇಲೆ ಕಣ್ಣಿಡಿ, ಸ್ಪ್ರಿಂಗ್ ಸೋತಿದ್ದರೆ ತೊಡಕುವುದು ಅದೇ. ಮೃದು ಮೂತಿಯ (ತಗುಲಿದಾಗ ಅರಳುವ) ಗುಂಡು ಮತ್ತು ಘನ (ಅರಳದೆ ಆಳಕ್ಕೆ ತೂರುವ) ಗುಂಡು ಎರಡನ್ನೂ ಓಡಿಸಬೇಕು. ಚಪ್ಪಟೆ ಮೂತಿಯ ಘನ ಗುಂಡು ಕೆಲವು ಕೋವಿಗಳಲ್ಲಿ ಛೇಂಬರಿನ ಬಾಯಿಗೆ ತಗುಲಿ ನಿಲ್ಲುತ್ತದೆ. ಮ್ಯಾಗಝೀನಿನಿಂದ ಛೇಂಬರಿಗೆ ತೋಟೆ ಏರುವ ಇಳಿಜಾರನ್ನು ತಿದ್ದಿ ನಯಮಾಡಿಸಿದರೆ ಸಾಕು.

ಹಳೆಯದಾದರೆ ಮರದ ಬಟ್ಟನ್ನು (ಕೋವಿಯ ಮರದ ಭಾಗವನ್ನು) ಬಿಚ್ಚಿಸಿ ಟ್ಯಾಂಗಿನ, ಅಂದರೆ ಕಬ್ಬಿಣದ ಭಾಗದ ಹಿಂದಿನ ಬಾಲದ, ಹಿಂಭಾಗ ನೋಡಿ. ಕಬ್ಬಿಣಕ್ಕೂ ಮರಕ್ಕೂ ಅಲ್ಲಿ ಕೂದಲೆಳೆಯಷ್ಟು ಸಂದು ಇರಬೇಕು. ಇಲ್ಲದಿದ್ದರೆ ಪ್ರತಿ ಒದೆತಕ್ಕೂ ಕಬ್ಬಿಣ ಆಪಿನಂತೆ ನುಗ್ಗಿ ಮರ ಸೀಳುತ್ತದೆ. ರಿಕಾಯಿಲ್ ಲಗ್ (ಒದೆತವನ್ನು ಮರಕ್ಕೆ ದಾಟಿಸುವ ಕಬ್ಬಿಣದ ಗುಬ್ಬಿ) ಕೂರುವ ಜಾಗಕ್ಕೆ ಎಪಾಕ್ಸಿ ಬೆಡ್ಡಿಂಗ್ (ಅಂಟಿನ ಗಟ್ಟಿ ಹಾಸು), ಮರ ಸೀಳದಂತೆ ಅದಕ್ಕೆ ಅಡ್ಡಲಾಗಿ ಹಾಕಿದ ಬೋಲ್ಟ್ ಇದ್ದರೆ ಒಳ್ಳೆಯದು. ಇಪ್ಪತ್ತು ಗುಂಡು ಹಾರಿಸಿದ ಮೇಲೆ ಸ್ಕೋಪ್ ಸ್ಕ್ರೂಗಳನ್ನೂ ಬಟ್ಟಿನ ಸ್ಕ್ರೂಗಳನ್ನೂ ಮತ್ತೊಮ್ಮೆ ಬಿಗಿ ನೋಡಿ. ಮ್ಯಾಗಝೀನಿನ ತಳದ ಮುಚ್ಚಳ ಒದೆತಕ್ಕೆ ತಾನಾಗಿ ತೆರೆದುಕೊಂಡರೆ ಆ ಕೋವಿ ಬೇಡ, ಅಥವಾ ಚಿಲಕ ಬದಲಿಸಿ.

ಉತ್ತರ 4: ಸ್ಕೋಪ್ (ಗುರಿ ಹಿಡಿಯುವ ದುರ್ಬೀನು) 1-4 ಅಥವಾ 1.5-5 ಪವರ್ ಸಾಕು. ಕಣ್ಣಿಗೂ ಗಾಜಿಗೂ 9 ಸೆಂಟಿಮೀಟರಾದರೂ ಅಂತರ ಸಿಗಬೇಕು, ಇಲ್ಲದಿದ್ದರೆ ಹುಬ್ಬು ಒಡೆಯುತ್ತದೆ. ಎಮ್ಮೆಗೆ ಗುಂಡು ಹೊಡೆಯುವುದು ಸಾಮಾನ್ಯವಾಗಿ 30-80 ಮೀಟರಿನಲ್ಲಿ. ಪೊದೆಯೊಳಗೆ ಹೋಗುವಾಗ ಸ್ಕೋಪ್ ತೆಗೆದು ನಳಿಗೆಯ ಮೇಲಿನ ಕಬ್ಬಿಣದ ಗುರಿಕಣ್ಣುಗಳಿಂದಲೇ ಹೊಡೆಯುವಂತೆ ಬೇಗ ಕಳಚುವ ಮೌಂಟ್ ಹಾಕಿಸಿ.

ಗುಂಡಿನಲ್ಲಿ ಜಿಪುಣತನ ಬೇಡ. ಮೊದಲನೆಯದು ಅರಳುವ ಆದರೆ ಚೂರಾಗದ ಗುಂಡು: ಸ್ವಿಫ್ಟ್ ಎ-ಫ್ರೇಮ್ ಅಥವಾ ಪೂರ್ತಿ ತಾಮ್ರದ ಬಾರ್ನ್ಸ್ ಟಿಎಸ್‌ಎಕ್ಸ್. ಮ್ಯಾಗಝೀನಿನಲ್ಲಿ ಅದರ ಕೆಳಗೆ ಘನ ಗುಂಡುಗಳು, ಏಕೆಂದರೆ ಎರಡನೆಯ ಹೊತ್ತಿಗೆ ಪ್ರಾಣಿ ಬೆನ್ನು ತಿರುಗಿಸಿ ಓಡುತ್ತಿರುತ್ತದೆ, ಆಳಕ್ಕೆ ಹೋಗುವ ಗುಂಡೇ ಬೇಕು. ಹಿಂಡಿನ ನಡುವೆ ಘನ ಗುಂಡು ಹಾರಿಸಬೇಡಿ. ಒಂದನ್ನು ತೂರಿ ಹಿಂದಿನದಕ್ಕೂ ತಗುಲುತ್ತದೆ. ಎಮ್ಮೆಯ ಹೃದಯ ನಾವೆಣಿಸಿದ್ದಕ್ಕಿಂತ ಕೆಳಗಿದೆ: ಅಡ್ಡ ನಿಂತಾಗ ಮುಂಗಾಲಿನ ನೇರಕ್ಕೆ, ಎದೆಯ ಕೆಳಗಿನ ಮೂರನೇ ಒಂದು ಭಾಗದಲ್ಲಿ ಹಿಡಿಯಿರಿ. ಹೊಡೆದ ಕೂಡಲೇ, ಕೋವಿ ಭುಜದಲ್ಲಿದ್ದಂತೆಯೇ ಬೋಲ್ಟ್ ಎಳೆಯಿರಿ. ಬಿದ್ದಿತು ಅನ್ನಿಸಿದರೂ ಇನ್ನೊಂದು ಹೊಡೆಯಿರಿ.

ಅಭ್ಯಾಸ ಮೇಜಿನ ಮೇಲಲ್ಲ, ಮೂರುಕಾಲಿನ ಕೋಲಿನ ಮೇಲೆ ನಿಂತು. ದಿನಕ್ಕೆ ಹತ್ತು ಗುಂಡು ಮೀರಬೇಡಿ, ಮೀರಿದರೆ ಬೆಚ್ಚುವ ಚಾಳಿ ಅಂಟುತ್ತದೆ. ಉಳಿದದ್ದು ಖಾಲಿ ಕೋವಿಯಲ್ಲಿ.

ಉತ್ತರ 5: ಒಂದು ಮಾತು ಬಿಟ್ಟುಹೋಗಿದೆ. ದಕ್ಷಿಣ ಆಫ್ರಿಕದಲ್ಲಿ ಕಾಂಪಿಟೆನ್ಸಿ ಸರ್ಟಿಫಿಕೇಟ್ (ಕೋವಿ ಹೊಂದಲು ಅರ್ಹರೆಂಬ ಪತ್ರ) ಇದ್ದರೂ ಪ್ರತಿ ಕೋವಿಗೂ ಬೇರೆ ಲೈಸೆನ್ಸ್ ಬೇಕು, ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ಈಗಲೇ ಅರ್ಜಿ ಹಾಕಿ. ವಿಮಾನದಲ್ಲಿ ಸಾಮಾನ್ಯವಾಗಿ ತಲಾ 5 ಕಿಲೊ ತೋಟೆಗೆ ಮಾತ್ರ ಅವಕಾಶ, ಅದೂ ಬೀಗ ಹಾಕಿದ ಬೇರೆ ಪೆಟ್ಟಿಗೆಯಲ್ಲಿ. ನಿಮ್ಮ ಬೇಟೆಗೆ 60 ತೋಟೆ ಧಾರಾಳ, .375ರದಾದರೆ ಸುಮಾರು ಎರಡೂವರೆ ಕಿಲೊ. ಇದನ್ನು ಓದುವ ಕೊಡಗಿನವರು ಗಮನಿಸಿ, ಇದೆಲ್ಲ ಆಫ್ರಿಕದ ಮಾತು. ನಮ್ಮಲ್ಲಿ ಮನೆಯಲ್ಲಿ ಕೋವಿ ಇಟ್ಟುಕೊಳ್ಳುವ ರಿಯಾಯಿತಿ ಇದ್ದರೂ 1972ರ ವನ್ಯಜೀವಿ ಕಾಯ್ದೆಯಡಿ ಕಾಟಿಯನ್ನಾಗಲಿ ಆನೆಯನ್ನಾಗಲಿ ಬೇಟೆಯಾಡುವಂತಿಲ್ಲ.