ಪದಚರ್ಚೆ: ‘ಹಳದಿ ರೋಗ’, ‘ಕಬ್ಬಿಣದ ಕೊರತೆ’ – ಎರಡಕ್ಕೂ ಸರಿಯಾದ ಮಾತು ಬೇಕು

ಬಳಗದವರಿಗೆ ನಮಸ್ಕಾರ.

ಪಾವಗಡ ತಾಲ್ಲೂಕಿನ ನಮ್ಮ ಊರಿನಲ್ಲಿ ಕಡಲೆಕಾಯಿ ಬಿತ್ತಿ ತಿಂಗಳು ಕಳೆಯುವಷ್ಟರಲ್ಲಿ ಚಿಕ್ಕಪ್ಪನ ಹೊಲದ ಒಂದು ಮೂಲೆ ಹಳದಿಗೆ ತಿರುಗಿತು. ಅವರು ಪೇಟೆಗೆ ಹೋಗಿ ‘ಹಳದಿ ರೋಗ ಬಂದಿದೆ, ಔಷಧಿ ಕೊಡಿ’ ಎಂದರು. ರೋಗ ಎಂದ ಮೇಲೆ ಅಂಗಡಿಯವರು ಶಿಲೀಂಧ್ರನಾಶಕ ಕೊಟ್ಟು ಕಳಿಸಿದರು. ಎರಡು ಸಲ ಹೊಡೆದದ್ದಾಯಿತು. ಹಳದಿ ಎಲೆ ಬೆಳ್ಳಗಾಯಿತೇ ಹೊರತು ಹಸಿರಾಗಲಿಲ್ಲ.

ನಾನು ಊರಿಗೆ ಹೋದಾಗ ಒಂದು ಗಿಡ ಕಿತ್ತು ನೋಡಿದೆ. ತಳದ ಎಲೆಗಳು ಹಸಿರಾಗಿಯೇ ಇದ್ದವು. ಕುಡಿಯ ಎಲೆಗಳಲ್ಲಿ ಮಾತ್ರ ನರಗಳು ಹಸಿರು, ನರಗಳ ನಡುವೆಲ್ಲ ಹಳದಿ. ಕಬ್ಬಿಣ ಸಿಗದ ಗಿಡ ಹೀಗೆಯೇ ಕಾಣುತ್ತದೆ. ಒಮ್ಮೆ ಎಲೆ ಸೇರಿದ ಕಬ್ಬಿಣ ಅಲ್ಲಿಂದ ಚಿಗುರಿಗೆ ಸಾಗುವುದಿಲ್ಲವಾದ್ದರಿಂದ ಹಸಿವು ಮೊದಲು ತಟ್ಟುವುದು ಹೊಸ ಎಲೆಗೆ. ಸಾರಜನಕ ಸಾಲದಿದ್ದರೆ ಇದಕ್ಕೆ ತಿರುವುಮುರುವು: ಗಿಡ ಹಳೆಯ ಎಲೆಯಿಂದ ಹೊಸದಕ್ಕೆ ಸಾಗಿಸಿಕೊಳ್ಳುತ್ತದೆ, ತಳದ ಎಲೆ ಮೊದಲು ಹಣ್ಣಾಗುತ್ತದೆ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), 1 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕಲಸಿ ಬಿಸಿಲು ಇಳಿದ ಮೇಲೆ ಸಿಂಪಡಿಸಿದೆವು, ವಾರ ಬಿಟ್ಟು ಮತ್ತೊಮ್ಮೆ ಸಿಂಪಡಿಸಿದೆವು. ಆಮೇಲೆ ಬಂದ ಕುಡಿ ಹಸಿರಾಗಿತ್ತು. ಶಿಲೀಂಧ್ರನಾಶಕಕ್ಕೆ ಕೊಟ್ಟ ಹಣ ಹೋಯಿತು, ಅದಕ್ಕಿಂತ ಹೆಚ್ಚಾಗಿ ಹೂವಾಡುವ ಮುಂಚಿನ ಎರಡು ವಾರ ಹೋದವು.

ಈ ಹಾನಿಯ ಮೂಲ ಒಂದು ಪದ. ಅದಕ್ಕೇ ಬಳಗದ ಮುಂದೆ ಇಡುತ್ತಿದ್ದೇನೆ.

‘ಹಳದಿ ರೋಗ’ ಎಂಬ ಹೆಸರಿಗೆ ಈಗಾಗಲೇ ಬೇರೆ ಒಡೆಯರಿದ್ದಾರೆ. ಮಲೆನಾಡಿನ ಅಡಿಕೆಯ ಹಳದಿ ಎಲೆ ರೋಗ ಫೈಟೊಪ್ಲಾಸ್ಮಾ ಎಂಬ ಜೀವಿಯಿಂದ ಬರುವಂಥದ್ದು. ಹೆಸರುಕಾಳು, ಉದ್ದಿನ ಹಳದಿ ನಂಜು ರೋಗ ಬಿಳಿನೊಣ ಹೊತ್ತು ತರುವ ವೈರಸ್ಸಿನದು. ಅದರಲ್ಲಿ ಹಳದಿ ನರದ ಕಟ್ಟು ಲೆಕ್ಕಿಸದೆ ತೇಪೆತೇಪೆಯಾಗಿ ಹರಡಿರುತ್ತದೆ. ಇವೆರಡೂ ಗಿಡದಿಂದ ಗಿಡಕ್ಕೆ ದಾಟುತ್ತವೆ. ಕಬ್ಬಿಣವಿಲ್ಲದ ಗಿಡ ಪಕ್ಕದ ಗಿಡಕ್ಕೆ ಏನನ್ನೂ ಅಂಟಿಸುವುದಿಲ್ಲ. ಆದರೂ ‘ರೋಗ’ ಎಂದ ಕೂಡಲೇ ಅಂಟಿನ ಭಯವೂ ಔಷಧಿಯ ಬಾಟಲಿಯೂ ಜೊತೆಗೇ ಬರುತ್ತವೆ.

ಹಾಗಾದರೆ ‘ಕೊರತೆ’ ಎನ್ನೋಣವೇ? ಕೃಷಿ ಕರಪತ್ರಗಳು ಹಾಗೆಯೇ ಬರೆಯುತ್ತವೆ. ನನ್ನ ತಕರಾರು ಇರುವುದು ಮುಖ್ಯವಾಗಿ ಇಲ್ಲಿ. ನಮ್ಮ ಸೀಮೆಯ ಮಣ್ಣು ಕೆಂಪಗಿರುವುದೇ ಕಬ್ಬಿಣದ ಆಕ್ಸೈಡುಗಳಿಂದ. ಅಂಥ ಹೊಲದಲ್ಲಿ ನಿಂತು ‘ಕಬ್ಬಿಣದ ಕೊರತೆ’ ಎಂದರೆ ಚಿಕ್ಕಪ್ಪನಂಥವರು ನಂಬುವುದಿಲ್ಲ, ನಂಬದಿರುವುದು ನ್ಯಾಯವೇ. ಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚಿದ್ದರೆ, ಇಲ್ಲವೇ ಕೊಳವೆಬಾವಿಯ ಕ್ಷಾರದ ನೀರು ಹರಿಸುತ್ತಿದ್ದರೆ, ಇರುವ ಕಬ್ಬಿಣ ಬೇರಿಗೆ ಕರಗಿ ಸಿಗುವುದಿಲ್ಲ. ಕೊರತೆ ಗಿಡದಲ್ಲಿದೆ, ಮಣ್ಣಿನಲ್ಲಿಲ್ಲ. ಮಣ್ಣು ಆರೋಗ್ಯ ಚೀಟಿಯಲ್ಲಿ ‘ಲಭ್ಯ’ ಎಂಬ ಮಾತು ಇದನ್ನೇ ಹೇಳಲು ಹೊರಡುತ್ತದೆ, ಆದರೆ ‘ಲಭ್ಯ ಕಬ್ಬಿಣ’ ಎಂದು ಓದಿದವರು ಅಂಗಡಿಯಲ್ಲಿ ಸಿಗುವ ಕಬ್ಬಿಣ ಎಂದುಕೊಳ್ಳುತ್ತಾರೆ.

ಕನ್ನಡದಲ್ಲಿ ಇದಕ್ಕೆ ಹೇಳಿ ಮಾಡಿಸಿದ ಕ್ರಿಯಾಪದವಿದೆ: ದಕ್ಕು. ‘ಆಸ್ತಿ ದಕ್ಕಿತು’ ಎಂದರೆ ಕೈಸೇರಿತು. ‘ಉಂಡದ್ದು ದಕ್ಕಲಿಲ್ಲ’ ಎಂದರೆ ಎದುರಿಗಿದ್ದರೂ, ಬಾಯಿಗೆ ಹೋದರೂ, ಮೈಗೆ ಹತ್ತಲಿಲ್ಲ. ಗಿಡದ ಪಾಡು ಅಕ್ಷರಶಃ ಇದೇ. ‘ಕಬ್ಬಿಣ ಇದೆ, ಬೆಳೆಗೆ ದಕ್ಕುತ್ತಿಲ್ಲ’ ಎಂದಾಗ ಚಿಕ್ಕಪ್ಪ ಮರುಮಾತಿಲ್ಲದೆ ತಲೆಯಾಡಿಸಿದರು. ‘ಹಾಗಾದರೆ ಎಲೆಗೇ ಉಣಿಸಬೇಕು’ ಎಂದು ಅವರೇ ಹೇಳಿದರು. ‘ದಕ್ಕದಿಕೆ’ ಎಂದು ನಾಮಪದ ಮಾಡಬಹುದೇ, ಅದು ನಾಲಿಗೆಗೆ ಒಗ್ಗುತ್ತದೆಯೇ? ‘ದಕ್ಕುವ ಕಬ್ಬಿಣ’, ‘ದಕ್ಕುವ ಸತು’ ಎಂದು ಚೀಟಿಯಲ್ಲಿ ಅಚ್ಚಾದರೆ ಓದುವವರಿಗೆ ಏನಾದರೂ ಕೊಂಕು ಕಾಣುತ್ತದೆಯೇ?

ಕೊರತೆ ಎಂಬ ಪದವನ್ನೇ ಬಿಟ್ಟುಬಿಡಬೇಕು ಎನ್ನುತ್ತಿಲ್ಲ. ಸತು, ಬೋರಾನ್, ಗಂಧಕಗಳ ವಿಷಯದಲ್ಲಿ ನಮ್ಮ ಮಳೆಯಾಶ್ರಿತ ಹೊಲಗಳು ನಿಜಕ್ಕೂ ಬಡವಾಗಿವೆ. 2009ರಲ್ಲಿ ರಾಜ್ಯ ಸರ್ಕಾರ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯ ಜೊತೆ ಆರಂಭಿಸಿದ ಭೂಚೇತನ ಯೋಜನೆಯಲ್ಲಿ ಸತುವಿನ ಸಲ್ಫೇಟ್, ಬೋರಾಕ್ಸ್, ಜಿಪ್ಸಂಗಳನ್ನು ಹಂಚಿದ್ದು ಇದೇ ಕಾರಣಕ್ಕೆ. ಅಲ್ಲಿ ಕೊರತೆ ಎಂದರೆ ಕೊರತೆಯೇ. ಆದರೆ ಅಲ್ಲೂ ಡಿಎಪಿ ಗೊಬ್ಬರವನ್ನು ಅಳತೆ ಮೀರಿ ಸುರಿದರೆ ರಂಜಕ ಹೆಚ್ಚಾಗಿ, ಇರುವ ಅಲ್ಪ ಸತುವೂ ದಕ್ಕದೆ ಹೋಗುತ್ತದೆ. ಎರಡೂ ಪದ ಬೇಕು, ಎರಡರ ಗಡಿಯೂ ಸ್ಪಷ್ಟವಿರಬೇಕು.

ಇನ್ನು ಎಲೆಯ ನರದ ಮಾತು. ಶಾಲೆಯ ಪುಸ್ತಕ ‘ನಾಳ’ ಎನ್ನುತ್ತದೆ, ಹೊಲದಲ್ಲಿ ‘ನರ’ ಎನ್ನುತ್ತಾರೆ. ಚಿಕ್ಕಮ್ಮನ ಮನೆಮಾತು ತೆಲುಗು. ಅವರು ‘ಈನೆ’ ಎನ್ನುತ್ತಾರೆ, ಎಲೆಯ ನರಕ್ಕಷ್ಟೇ ಸಲ್ಲುವ ಚೊಕ್ಕ ಪದ. ಕನ್ನಡದ ಯಾವುದಾದರೂ ಸೀಮೆಯಲ್ಲಿ ಇದರ ಒಡಹುಟ್ಟು ಉಳಿದಿದೆಯೇ? ತೆಲುಗಿನ ಮಾತು ಬಂದದ್ದರಿಂದ ಇನ್ನೊಂದು: ಅವರ ‘ಪಚ್ಚ’ ಹಸಿರೂ ಹೌದು, ಹಳದಿಯೂ ಹೌದು. ಕಾಮಾಲೆಗೆ ಅವರು ‘ಪಚ್ಚಕಾಮೆರ್ಲು’ ಎನ್ನುವುದನ್ನು ನೆನೆಯಿರಿ. ಪಾವಗಡ, ಬಾಗೇಪಲ್ಲಿಯಂಥ ಗಡಿಸೀಮೆಯಲ್ಲಿ ಪೈರು ‘ಪಚ್ಚಗಾ ಉಂದಿ’ ಎಂದರೆ ಹೊಲಕ್ಕೆ ಹೋಗಿಯೇ ಅರ್ಥ ತಿಳಿಯಬೇಕು. ಹಾಗಾಗಿ ಲಕ್ಷಣದ ಹೆಸರಿನಲ್ಲಿ ಬಣ್ಣವೊಂದೇ ಸಾಲದು, ಯಾವ ಎಲೆ, ಎಲೆಯಲ್ಲಿ ಎಲ್ಲಿ ಎಂಬುದೂ ಇರಬೇಕು. ಮೆಗ್ನೀಸಿಯಂ ಸಾಲದಾಗಲೂ ನರದ ನಡುವೆಯೇ ಹಳದಿಯಾಗುತ್ತದೆ, ಆದರೆ ತಳದ ಎಲೆಯಲ್ಲಿ. ‘ಕುಡಿಯ ನಡುನರ ಹಳದಿ’ ಎಂದು ಕಟ್ಟಿ ನೋಡಿದೆ, ‘ನಡುನರ’ ಎಂದರೆ ಎಲೆಯ ನಡುವಿನ ದಪ್ಪ ನರ ಎಂದಾಗಿಬಿಡುತ್ತದೆ. ಇದಕ್ಕೊಂದು ದಾರಿ ತೋರಿಸಿ.

ಗೌರಿಬಿದನೂರಿನ ಕಡೆ ಮೆಕ್ಕೆಜೋಳದಲ್ಲಿ ಸತು ಸಾಲದೆ ಎಳೆಯ ಎಲೆಗಳು ಬಿಳಿ ಪಟ್ಟೆಯಾಗಿ ಹೊರಡುವುದಕ್ಕೆ ‘ಬಿಳಿಸುಳಿ’ ಎಂದರೆ ಒಂದೇ ಮಾತಿಗೆ ಮುಗಿಯುತ್ತದೆ: ಎಲ್ಲಿ ಎಂಬುದೂ ಬಂತು, ಬಣ್ಣವೂ ಬಂತು. ಹಿಂದಿಯವರು ಭತ್ತದಲ್ಲಿ ಇದೇ ಕೊರತೆಗೆ ‘ಖೈರಾ’ ಎಂದರು, ಕಾಚಿನ ಬಣ್ಣದ್ದು ಎಂದು. 1966ರಲ್ಲಿ ಪಂತನಗರದ ವಿಜ್ಞಾನಿ ವೈ.ಎಲ್. ನೆನೆ ಅದಕ್ಕೆ ಸತುವಿನ ಅಭಾವವೇ ಕಾರಣ ಎಂದು ತೋರಿಸಿದ ಮೇಲೂ ಆ ಹೆಸರು ಬದಲಾಗಲಿಲ್ಲ. ರೈತರ ಪದ ಶಾಸ್ತ್ರಗ್ರಂಥಕ್ಕೆ ಹೋಯಿತು.

ನಮ್ಮಲ್ಲಿಯೂ ಅಂಥ ಸಂಪತ್ತು ಇದೆ. ಫೆರಸ್ ಸಲ್ಫೇಟ್ ಅನ್ನಭೇದಿ, ಬೋರಾಕ್ಸ್ ಬಿಳಿಗಾರ, ತಾಮ್ರದ ಸಲ್ಫೇಟ್ ಮೈಲುತುತ್ತ. ಗ್ರಂಥಿಗೆ ಅಂಗಡಿಯವರಿಗೂ ಅಕ್ಕಸಾಲಿಗರಿಗೂ ಗೊತ್ತಿರುವ ಪದಗಳು. ಕರಪತ್ರ ಬರೆಯುವವರು ಇವನ್ನು ಮರೆತಿರುವುದು ನನಗೆ ನೋವಿನ ಸಂಗತಿ. ಬಿಳಿಗಾರ ಎಂದು ಬರೆದಾಗ ಒಂದು ಎಚ್ಚರಿಕೆಯನ್ನೂ ಬರೆಯಬೇಕು, ಬೋರಾನಿನಲ್ಲಿ ಸಾಕು ಎಂಬುದಕ್ಕೂ ವಿಷ ಎಂಬುದಕ್ಕೂ ಅಂತರ ಬಹಳ ಕಿರಿದು. ಸತುವಿನ ಸಲ್ಫೇಟಿಗೆ ಹಳೆಯ ಹೆಸರೇನು? ಅದನ್ನು ಎಲೆಗೆ ಹೊಡೆಯುವಾಗ ಎಲೆ ಸುಡದಿರಲೆಂದು ಸುಣ್ಣದ ತಿಳಿ ಬೆರೆಸುತ್ತೇವೆ. ‘ಸುಣ್ಣದ ತಿಳಿ’ ಎಂಬುದಾದರೂ ಉಳಿದಿದೆಯಲ್ಲ ಎಂಬ ಸಂತೋಷ.

ಗಿಡಕ್ಕೆ ತುಸುವೇ ಬೇಕಾಗುವ ಕಬ್ಬಿಣ, ಸತು, ಬೋರಾನ್‌ಗಳಂಥವನ್ನು ಒಟ್ಟಾಗಿ ಕರೆಯುವ ‘ಲಘು ಪೋಷಕಾಂಶ’ದ ಬಗ್ಗೆ ಇಷ್ಟೇ: ಕನ್ನಡದಲ್ಲಿ ‘ಲಘುವಾಗಿ ಕಾಣು’ ಎಂದರೆ ಅಲಕ್ಷಿಸು ಎಂದರ್ಥ. ‘ಸೂಕ್ಷ್ಮ’ ವಾಸಿ. ‘ಕಿರುಪೋಷಕ’ ಇನ್ನೂ ವಾಸಿ ಎಂದು ನನ್ನ ಅಭಿಪ್ರಾಯ.

ಕಡೆಯದು, ಕಡಲೆಕಾಯಿ ಬೆಳೆದವರನ್ನೇ ಕೇಳಬೇಕಾದದ್ದು. ಸಿಪ್ಪೆಯೊಳಗೆ ಬೀಜವೇ ಕಟ್ಟದಿದ್ದರೆ ‘ಜೊಳ್ಳು’. ಅದಕ್ಕೆ ಹೆಚ್ಚಾಗಿ ಕಾರಣ ಸುಣ್ಣದ ಅಂಶ ಕಾಯಿಗೆ ಸಿಗದಿರುವುದು, ಅದಕ್ಕೇ ಹೂವಾಡುವಾಗ ಬುಡಕ್ಕೆ ಜಿಪ್ಸಂ ಹಾಕುವುದು. ಬೀಜ ದುಂಡಗೆ ಕಟ್ಟಿದ್ದರೂ ಎರಡು ಬೇಳೆ ಬಿಡಿಸಿದಾಗ ಒಳಗೆ ಕಂದು ಬಣ್ಣದ ಗುಳಿ ಇದ್ದರೆ ಅದು ಬೋರಾನಿನ ಅಭಾವ. ಇದಕ್ಕೂ ನಮ್ಮೂರಲ್ಲಿ ಜೊಳ್ಳು ಎಂದೇ ಹೇಳಿ ಜಿಪ್ಸಂ ಹಾಕುತ್ತಾರೆ. ನಾನು ಇದನ್ನು ‘ಟೊಳ್ಳು’ ಎಂದು ಬೇರೆ ಮಾಡುತ್ತಿದ್ದೇನೆ. ಶಿರಾ, ಮಧುಗಿರಿ, ಚಿಂತಾಮಣಿಯ ಕಡೆಯವರು ಇವೆರಡನ್ನು ಬೇರೆ ಬೇರೆ ಹೆಸರಿಂದ ಕರೆಯುವುದನ್ನು ಕೇಳಿದ್ದೀರಾ? ಕೇಳಿದ್ದರೆ ಆ ಪದವನ್ನೂ ಊರಿನ ಹೆಸರನ್ನೂ ದಯವಿಟ್ಟು ಬರೆಯಿರಿ. ಬಿತ್ತನೆ ಬೀಜ ಆರಿಸುವ ಮುನ್ನ ಚಿಕ್ಕಪ್ಪನಿಗೆ ಹೇಳಬೇಕು.